ಹಿಂದಕ್ಕೆ ನಾಲ್ಕು ಗೇರು

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದಾರೆ. ನಮ್ಮ ಸ್ಪ್ಯಾನರಣ್ಣ ಮೊದಲು ಕಾಲು ಚಾಚಿ, ಆಮೇಲೆ ಅದಕ್ಕೆ ತಕ್ಕ ಹಾಸಿಗೆಯನ್ನು ವೆಲ್ಡಿಂಗ್ ಮಾಡಿಸುವ ಪೈಕಿ.

ಅವನ ಕಸುಬು ಹೊಲಿಗೆ ಯಂತ್ರದ ರಿಪೇರಿ. ಬೀದಿಯ ತುದಿಯಲ್ಲಿ ಒಂದೇ ಬಾಗಿಲಿನ ಅಂಗಡಿ, ಒಳಗೆ ಬೆಲ್ಟು, ಬಾಬಿನ್ನು, ಎಣ್ಣೆ ಡಬ್ಬಿ. ಅವನು ಮುಟ್ಟಿದ ಯಂತ್ರ ಮತ್ತೆ ಹತ್ತು ವರ್ಷ ತಕರಾರು ಮಾಡದು ಎಂದು ದರ್ಜಿಗಳೆಲ್ಲ ಆಣೆ ಮಾಡಿ ಹೇಳುತ್ತಿದ್ದರು. ಆದರೆ ಕೆಟ್ಟದ್ದನ್ನು ಸರಿಮಾಡಿದಷ್ಟಕ್ಕೆ ಅವನ ಕೈಯ ತುರಿಕೆ ತೀರುತ್ತಿರಲಿಲ್ಲ. ಸರಿಯಿದ್ದದ್ದನ್ನು ಇನ್ನಷ್ಟು ಸರಿಮಾಡಬೇಕು! ಒಮ್ಮೆ ಮಿಕ್ಸಿಯ ಮೋಟಾರನ್ನು ಫ್ಯಾನಿಗೆ ಹಾಕಿದ. ಗೋಡೆಯ ಕ್ಯಾಲೆಂಡರಿನಲ್ಲಿ ಆರು ತಿಂಗಳು ಒಂದೇ ಮಧ್ಯಾಹ್ನ ಹಾರಿಹೋದವು. ಫ್ಯಾನಿನ ಮೋಟಾರನ್ನು ಮಿಕ್ಸಿಗೆ ಹಾಕಿದ. ಕಾಳುಗಳು ಹಾಯಾಗಿ ಒಂದು ಸುತ್ತು ತಿರುಗಾಡಿಕೊಂಡು ಇದ್ದ ಹಾಗೇ ಹೊರಗೆ ಬಂದವು.

ಅವನ ಹೆಂಡತಿ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ನರ್ಸು, ಬೀದಿಗೆಲ್ಲ ನರ್ಸಮ್ಮ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಗಂಡನೇ ಅವಳನ್ನು ತನ್ನ ಪುಟ್ಟ ಹಳೇ ಕಾರಿನಲ್ಲಿ ಬಿಟ್ಟುಬರುತ್ತಿದ್ದ. ಎಂಜಿನ್ ಹಿಂದೆ, ಡಿಕ್ಕಿ ಮುಂದೆ ಇರುವ ಹಳೇ ಕಾಲದ ಕಾರದು. ಬಿಟ್ಟುಬರುತ್ತಿದ್ದ ಅನ್ನುವುದು ಅರ್ಧ ಸತ್ಯ. ನಡುಗುಡ್ಡದ ತಿರುವಿಗೆ ಬಂದದ್ದೇ ಕಾರು ಕೆಮ್ಮಿ ನಿಲ್ಲುತ್ತಿತ್ತು. ನರ್ಸಮ್ಮ ಟಿಫಿನ್ ಡಬ್ಬಿ ಹಿಡಿದು ಇಳಿದು ನಡೆಯುತ್ತಿದ್ದಳು. ಭಾರ ಇಳಿದ ಕಾರು ಅವಳನ್ನು ಹಿಂದೆ ಹಾಕಿ ಮೇಲೆ ಹೋಗಿ ಕಾಯುತ್ತಿತ್ತು. ಕೊನೆಯ ಹತ್ತು ಹೆಜ್ಜೆಗೆ ಅವಳು ಮತ್ತೆ ಹತ್ತಿ ಕೂರಬೇಕು. ಇಲ್ಲದಿದ್ದರೆ ಗಂಡನಿಗೆ ಬೇಜಾರು. ಹೇಗಾದರಾಗಲಿ, ಇಬ್ಬರೂ ಬಾಯಿ ಬಿಚ್ಚಿ ಹರಟುತ್ತಿದ್ದದ್ದು ಕಾರಿನಲ್ಲಿ ಕೂತ ಆ ಹೊತ್ತಿನಲ್ಲೇ. ಮನೆಯಲ್ಲಿ ಅವಳಿಗೆ ನಿದ್ದೆ, ಅವನಿಗೆ ನಟ್ಟು ಬೋಲ್ಟು.

ಹೀಗಿರುವಾಗ ಆಸ್ಪತ್ರೆಯ ಕಾಂಪೌಂಡರು ಹೊಸ ಕಾರು ತಂದರು. ಪಕ್ಕದ ಬೀದಿಯವರೇ. ಬನ್ನಿ ಸಿಸ್ಟರ್, ದಿನಾ ನನ್ನ ಜೊತೆಗೇ ಬನ್ನಿ ಎಂದರು. ನರ್ಸಮ್ಮ ಮನೆಗೆ ಬಂದವಳೇ ಮಂಡಿ ನೀವಿಕೊಳ್ಳುತ್ತ ಹೇಳಿದಳು:

"ರೀ, ಈ ಮಂಡಿ ಇನ್ನು ಗುಡ್ಡ ಹತ್ತಲ್ಲ. ಬರೋ ಸೋಮವಾರ ನಿಮ್ಮ ಗಾಡಿ ನನ್ನನ್ನ ಇಳಿಸದೆ ಮೇಲೆ ಹತ್ತಬೇಕು. ಹತ್ತಲಿಲ್ಲಾಂದ್ರೆ ಮಂಗಳವಾರದಿಂದ ಕಾಂಪೌಂಡರ ಕಾರು."

ಸ್ಪ್ಯಾನರಣ್ಣ ಮಾರನೆಯ ದಿನವೇ ಗುಜರಿ ಅಂಗಡಿಗೆ ಓಡಿದ.

"ನೋಡಣ್ಣಾ, ವ್ಯಾನಿನ ಎಂಜಿನ್ನು, ಗೇರ್ ಬಾಕ್ಸ್ ಸಮೇತ," ಎಂದ ಗುಜರಿಯವನು, ಆನೆ ತೋರಿಸುವವನ ಹಾಗೆ. "ನಾಲ್ಕೂ ಗೇರು ಬೆಣ್ಣೆ. ರಿವರ್ಸ್ ಒಂದು ಹೋಗಿದೆ, ಅಷ್ಟೇ."

"ರಿವರ್ಸ್ ಕಟ್ಕೊಂಡು ಏನಾಗ್ಬೇಕಯ್ಯಾ? ನಾನು ಮೇಲೆ ಹೋಗೋನು!"

ಗುಜರಿಯವನ ಹೆಂಡತಿಯ ಹೊಲಿಗೆ ಯಂತ್ರ ಸರಿಮಾಡಿಕೊಡುವ ಮಾತಾಗಿ, ಎಂಜಿನ್ನು ತಳ್ಳುಗಾಡಿಯಲ್ಲಿ ಮನೆಗೆ ಬಂತು. ಬಂದು ನೆಂಟರ ಹಾಗೆ ಊಟದ ಮೇಜಿನ ಮೇಲೆ ಕೂತಿತು. ನಾಲ್ಕು ದಿನ ಗಂಡಹೆಂಡಿರು ನೆಲದ ಮೇಲೆ ಕೂತು ಉಂಡರು. ಒಂದು ಸಂಜೆ ನರ್ಸಮ್ಮ ಒಲೆಯ ಮೇಲಿನ ಮುಚ್ಚಳ ಎತ್ತಿದಳು.

"ರೀ, ಹಾಲಿನ ಪಾತ್ರೇಲಿ ಏನಿದು ಕುದೀತಿರೋದು?"

"ಕಾರ್ಬುರೇಟರ್ ಕಣೇ. ಜಿಡ್ಡು ಬಿಡಲಿ ಅಂತ."

"ಉಪ್ಪು ಹಾಕಿದ್ರಾ?"

ಭಾನುವಾರ ಬೆಳಿಗ್ಗೆ ಹಳೇ ಎಂಜಿನ್ನು ಕೆಳಗಿಳಿಯಿತು. ಹಿತ್ತಲಿನ ಕಬ್ಬಿಣದ ತೊಲೆಗೆ ರಾಟೆ ಕಟ್ಟಿ ಹೊಸದನ್ನು ಎತ್ತಿದರೆ, ಅದು ಕೂರಲೊಲ್ಲದು. ಹೊಗೆ ಕೊಳವೆ ಅಡ್ಡ. ತಳ್ಳಿದ, ಬೈದ, ರಮಿಸಿದ, ಎಣ್ಣೆ ಹಚ್ಚಿದ. ಕೊನೆಗೆ ಅವನ ಕಸುಬಿನ ಬುದ್ಧಿ ಓಡಿತು. ಹೊಲಿಗೆ ಯಂತ್ರವನ್ನು ಕಿಟಕಿಗೆ ಮುಖ ಮಾಡಿ ಇಟ್ಟರೂ ಅದೇ ಹೊಲಿಗೆ, ಗೋಡೆಗೆ ಮುಖ ಮಾಡಿ ಇಟ್ಟರೂ ಅದೇ ಹೊಲಿಗೆ. ಎಂಜಿನ್ನಿಗೆ ಮಾತ್ರ ಬೇರೆ ನ್ಯಾಯವೇ? ಹಗ್ಗದಲ್ಲಿ ನೇತಾಡುತ್ತಿದ್ದುದನ್ನು ಹಿಂದುಮುಂದಾಗಿ ತಿರುಗಿಸಿ ಇಳಿಸಿದ. ತೊಟ್ಟಿಲಲ್ಲಿ ಕೂಸು ಮಲಗಿದ ಹಾಗೆ ಕೂತುಬಿಟ್ಟಿತು!

ಕೀಲಿ ತಿರುಗಿಸಿದ. ಗುಡುಗಿನಂಥ ಸದ್ದು. ಮೀಸೆ ತಿರುವಿ, ಒಂದನೇ ಗೇರು ಹಾಕಿ, ಕ್ಲಚ್ ಬಿಟ್ಟ. ಕಾರು ಗಂಭೀರವಾಗಿ ಹಿಂದಕ್ಕೆ ಹೊರಟಿತು. ಗಾಬರಿಯಲ್ಲಿ ಎರಡನೇ ಗೇರು ಹಾಕಿದ. ಇನ್ನೂ ಜೋರಾಗಿ ಹಿಂದಕ್ಕೇ ಹೋಗಿ, ಒಣಹಾಕಿದ್ದ ನರ್ಸಮ್ಮನ ಬಿಳಿ ಕೋಟನ್ನು ಮೈಮೇಲೆ ಹೊದ್ದುಕೊಂಡು ನಿಂತಿತು. ರಿವರ್ಸ್ ಹಾಕಿದರೆ ಬರೀ ಕಟಕಟ.

ಆಗ ಅವನಿಗೆ ಹೊಳೆಯಿತು. ಎಂಜಿನ್ನನ್ನು ತಿರುಗಿಸಿಟ್ಟ ಮೇಲೆ ಗಾಲಿಗಳೂ ತಿರುಗುಮುರುಗು ಉರುಳಬೇಕಲ್ಲ. ನಾಲ್ಕೂ ಬೆಣ್ಣೆಯಂಥ ಗೇರು ಹಿಂದಕ್ಕೆ. ಮುಂದಕ್ಕೆ ಹೋಗಲು ಉಳಿದದ್ದು ಆ ಸತ್ತ ರಿವರ್ಸ್ ಒಂದೇ.

ಬಿಚ್ಚಿ ಮತ್ತೆ ಕೂರಿಸಲು ವಾರ ಬೇಕು. ಸೋಮವಾರಕ್ಕೆ ಒಂದೇ ರಾತ್ರಿ ಉಳಿದಿತ್ತು. ಸ್ಪ್ಯಾನರಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ.

"ನಾಳೆಯಿಂದ ಕಾಂಪೌಂಡರ ಜೊತೇಲೇ ಹೋಗೇ," ಎಂದ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ನರ್ಸಮ್ಮ ಕೋಟು ಬಿಡಿಸಿಕೊಂಡು ಕಾರನ್ನು ಒಂದು ಸುತ್ತು ಹಾಕಿದಳು. "ಇಳಿಸದೆ ಹತ್ತಬೇಕು ಅಂದಿದ್ದೆ. ಮೂತಿ ಯಾವ ಕಡೆ ಇರ್ಬೇಕು ಅಂತ ನಾನೇನಾದ್ರೂ ಅಂದಿದ್ನಾ?"

ಸೋಮವಾರ ಬೆಳಿಗ್ಗೆ ಕಾರು ಬೆನ್ನು ಮುಂದೆ ಮಾಡಿಕೊಂಡು ಗುಡ್ಡ ಹತ್ತಿತು. ನರ್ಸಮ್ಮ ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಕೂತು, ಹಿಂದಿನ ಗಾಜಿನಿಂದ ದಾರಿ ನೋಡಿ ಹೇಳುತ್ತಿದ್ದಳು.

"ಎಡಕ್ಕೆ, ಎಡಕ್ಕೆ!"

"ಯಾರ ಎಡ?"

"ವಾಚ್ ಕಟ್ಟಿರೋ ಕೈ ಕಡೆ ರೀ! ಅಯ್ಯೋ, ನಿಮ್ಮ ವಾಚಲ್ಲ, ನಂದು!"

ಅವರ ಹಿಂದೆಯೇ ಕಾಂಪೌಂಡರ ಹೊಸ ಕಾರು ಬರುತ್ತಿತ್ತು. ಆದರೆ ಈ ಕಾರಿನ ಮೂತಿ ಕೆಳಮುಖವಾಗಿತ್ತಲ್ಲ. ಗುಡ್ಡದುದ್ದಕ್ಕೂ ಎರಡು ಕಾರುಗಳೂ ಮೂತಿಗೆ ಮೂತಿ ಕೊಟ್ಟು ಟಗರುಗಳಂತೆ ಬಂದವು. ಕಾಂಪೌಂಡರು ಮುಗುಳ್ನಗಬೇಕೋ ಹಾರನ್ ಹೊಡೆಯಬೇಕೋ ತಿಳಿಯದೆ ಎರಡನ್ನೂ ಮಾಡಿದರು.

ನಡುಗುಡ್ಡದ ತಿರುವು ಬಂತು. ಅಭ್ಯಾಸಬಲ, ನರ್ಸಮ್ಮ ಡಬ್ಬಿ ಎತ್ತಿಕೊಂಡು ಬಾಗಿಲಿಗೆ ಕೈ ಹಾಕಿದಳು. ಕಾರು ಕೆಮ್ಮಲಿಲ್ಲ. ಗುರ್ ಎಂದು ತಿರುವು ದಾಟಿಯೇಬಿಟ್ಟಿತು. ಅವಳು ಡಬ್ಬಿಯನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡಳು. ಸ್ಪ್ಯಾನರಣ್ಣ ಅದನ್ನು ನೋಡಿದ. ನೋಡಿ, ದಾರಿ ನೋಡುವುದನ್ನು ಮರೆತ.

"ವಾಚು! ವಾಚು!" ಎಂದು ಅವಳು ಕೂಗಿದ್ದರಿಂದ ಒಂದು ಕರೆಂಟು ಕಂಬ ಬದುಕಿತು.

ಆ ದಿನ ಅವನು ಅಂಗಡಿ ತೆರೆಯಲಿಲ್ಲ. ಆಸ್ಪತ್ರೆಯ ಅಂಗಳದಲ್ಲೇ ಕೂತು, ಬಂದ ರೋಗಿಗಳಿಗೆಲ್ಲ ಎಂಜಿನ್ ತೋರಿಸಿದ. ಜ್ವರದವರೂ ಎದ್ದು ಕೂತು ಕೇಳಿದರು. ಸಂಜೆ ಕಾಂಪೌಂಡರು ತಮ್ಮ ಕಾರಿನ ಬಾಗಿಲು ತೆಗೆದು ನಿಂತರು.

"ಸಿಸ್ಟರ್, ಇಳಿಯುವಾಗಲಾದ್ರೂ ಮುಂದಕ್ಕೆ ಹೋಗೋ ಕಾರಲ್ಲಿ ಬನ್ನಿ."

"ನಮ್ಮದರ ಮೂತಿ ಆಗಲೇ ಮನೆ ಕಡೆಗಿದೆ ಸಾರ್," ಎಂದಳು ನರ್ಸಮ್ಮ. "ನೀವು ಇನ್ನೂ ತಿರುಗಿಸ್ಕೋಬೇಕು."

ನಿಜವೇ. ನ್ಯೂಟ್ರಲ್ಲಿಗೆ ಹಾಕಿ ಬ್ರೇಕು ಬಿಟ್ಟರೆ ಸಾಕು, ಇಳಿಜಾರೇ ಇಳಿಸುತ್ತಿತ್ತು.

"ಇದೆಲ್ಲಾ ಮೊದಲೇ ಲೆಕ್ಕ ಹಾಕಿಟ್ಟಿದ್ದೆ ಕಣೇ," ಎಂದ ಸ್ಪ್ಯಾನರಣ್ಣ.

"ಹೂಂ, ಗೊತ್ತಾಯ್ತು ಬಿಡಿ."

ಗುಡ್ಡ ಮುಗಿಯಿತು. ಅದರ ಜೊತೆಗೆ ಇಳಿಜಾರೂ ಮುಗಿಯಿತು. ಮನೆಗೆ ಇನ್ನೂ ಎರಡು ಬೀದಿ ಇರುವಾಗ ಕಾರು ಉಸಿರು ಬಿಟ್ಟು ನಿಂತಿತು. ಮುಂದಕ್ಕೆ ಗೇರಿಲ್ಲ, ತಿರುಗಿಸಲು ಜಾಗವಿಲ್ಲ. ಸ್ಪ್ಯಾನರಣ್ಣ ಹೆಂಡತಿಯ ಮುಖ ನೋಡಿದ.

"ನಾನಂತೂ ಇಳಿಯಲ್ಲಪ್ಪಾ," ಎಂದು ಅವಳು ಗಂಡನನ್ನು ಕೆಳಗಿಳಿಸಿ, ಡ್ರೈವರ್ ಸೀಟಿಗೆ ಸರಿದು ಸ್ಟಿಯರಿಂಗ್ ಹಿಡಿದಳು. "ಹನ್ನೊಂದು ವರ್ಷ ಇಳಿದಿದ್ದೀನಿ."

ಸ್ಪ್ಯಾನರಣ್ಣ ಅಂಗಿಯ ತೋಳು ಮಡಚಿ ತಳ್ಳತೊಡಗಿದ. ನರ್ಸಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮೂರನೇ ವಾರ್ಡಿನ ಮುದುಕ ಇಂಜೆಕ್ಷನ್ನಿಗೆ ಹೆದರಿ ಮಂಚದ ಕೆಳಗೆ ಸೇರಿಕೊಂಡ ಕಥೆ ಶುರುಮಾಡಿದಳು. ಎರಡು ಬೀದಿ ದಾಟಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಹರಟೆ ಹೊಡೆದು ಅವರಿಗೆ ಎಷ್ಟೋ ದಿನವಾಗಿತ್ತು.