ಜಾಡಿ ತಟ್ಟುವ ಭಾವನ ರೆಕಾರ್ಡ್ ಪ್ಲೇಯರ್

ನಮ್ಮ ಪಿಂಗಾಣಿ ಕಾರ್ಖಾನೆಯಲ್ಲಿ ನನ್ನ ಅಕ್ಕನ ಗಂಡನಿಗೆ ಕಿವಿರಾಯ ಎಂದೇ ಹೆಸರು. ಭಟ್ಟಿಯಿಂದ ಇಳಿದ ಜಾಡಿಯನ್ನು ಎಡಗೈಲಿ ಎತ್ತಿ, ಮರದ ಸಣ್ಣ ಕೋಲಿನಿಂದ ಒಂದೇ ಏಟು ತಟ್ಟುವುದು ಅವರ ಕೆಲಸ. ಠಣ್ ಎಂದರೆ ಪ್ಯಾಕಿಂಗಿಗೆ. ಮಂಕಾಗಿ ನುಡಿದರೆ ಒಳಗೆಲ್ಲೋ ಬಿರುಕಿದೆ ಎಂದು ಹಿತ್ತಲ ಗುಡ್ಡೆಗೆ. ಇಪ್ಪತ್ತಾರು ವರ್ಷ ಅವರ ತೀರ್ಮಾನಕ್ಕೆ ಯಾರೂ ಎದುರಾಡಿರಲಿಲ್ಲ.

ಆ ವರ್ಷ ಗುಡ್ಡೆ ಬೆಳೆಯತೊಡಗಿತು. ಭಟ್ಟಿ ನೋಡಿಕೊಳ್ಳುತ್ತಿದ್ದವನು ನಾನು. ಬೆಂಕಿ ಸರಿಯಿಲ್ಲವೆಂದು ಮೇಸ್ತ್ರಿ ಕೈ ತೊಳೆದುಕೊಂಡು ನನ್ನ ಹಿಂದೆ ಬಿದ್ದ. ಶಾಲೆಯ ಮೆಟ್ಟಿಲು ಹತ್ತದಿದ್ದರೂ ಉರಿಯ ಬಣ್ಣದಲ್ಲೇ ಬಿಸಿ ಅಳೆಯುವವನು ನಾನು. ನನ್ನ ಬೆಂಕಿಗೆ ಹೆಸರಿಡುವವರು ಇನ್ನೂ ಹುಟ್ಟಿರಲಿಲ್ಲ. ಗುಡ್ಡೆಯಿಂದ ನಾಲ್ಕು ಜಾಡಿ ತೆಗೆದು ನೀರು ತುಂಬಿಟ್ಟೆ. ಎರಡು ದಿನವಾದರೂ ಹನಿ ಸೋರಲಿಲ್ಲ. ಬರಿದು ಮಾಡಿ ತಟ್ಟಿದೆ. ಖಣಖಣ ನುಡಿದವು. ಬಾಯಿ ಹೊಲಿದುಕೊಂಡು ಭಾನುವಾರ ಅಕ್ಕನ ಮನೆಗೆ ಹೋದೆ.

ಭಾವ ನೆಲದ ಮೇಲೆ ಕೂತು ಟೆನಿಸ್ ಚೆಂಡನ್ನು ಎರಡು ಹೋಳು ಮಾಡುತ್ತಿದ್ದರು. ರೆಕಾರ್ಡ್ ಪ್ಲೇಯರಿಗೆ ಅವು ಕಾಲಂತೆ. ನೆಲದ ಅದುರು ಮುಳ್ಳಿಗೆ ತಾಗುವುದಿಲ್ಲವಂತೆ. ತಿರುಗುವ ತಟ್ಟೆಯ ಮೇಲೆ ಹಳೆಯ ಕಾರ್ಕ್ ಹಾಳೆಯನ್ನು ದುಂಡಗೆ ಕತ್ತರಿಸಿ ಹಾಸಿದ್ದರು. ರೆಕಾರ್ಡು ಅಲುಗದಿರಲೆಂದು ನಡುವೆ ನಲ್ಲಿಯ ಹಿತ್ತಾಳೆ ಮುಚ್ಚಳ. ಮಟ್ಟ ನೋಡಲು ಇಂಜೆಕ್ಷನ್ ಶೀಶೆಯಲ್ಲಿ ನೀರು, ಅದರಲ್ಲೊಂದು ಗುಳ್ಳೆ. ಒಂದಕ್ಕೂ ಅಂಗಡಿಯ ಮುಖ ನೋಡಿದವರಲ್ಲ. ಗಂಡನಿಗೆ ತನ್ನ ಬೆನ್ನು ನೋವಿನ ಮೇಲೂ ಇಷ್ಟು ಕಾಳಜಿ ಇದ್ದಿದ್ದರೆ ತಾನು ಕುಣಿಯುತ್ತಿದ್ದೆ ಎಂದು ಅಕ್ಕ ಚುಚ್ಚಿದಳು. ಎಷ್ಟು ಮಾಡಿದರೂ ಹಾಡಿನ ಹಿಂದೆ ಬರುತ್ತಿದ್ದ ಸಣ್ಣ ಗಂಟೆ ಮಾತ್ರ ಕೇಳುತ್ತಿಲ್ಲ, ಮೂರು ತಿಂಗಳಿಂದ ಇದೇ ಗೋಳು ಎಂದರು ಭಾವ.

ಚೆಂಡಿನ ಹೋಳು ಇಟ್ಟು ಮುಳ್ಳು ಇಳಿಸಿದರು. ಸಾಲು ಸಾಲಿಗೂ ಗಂಟೆ ಸೂಜಿಯಷ್ಟು ಚೊಕ್ಕವಾಗಿ ನುಡಿಯುತ್ತಿತ್ತು. ಭಾವ ಸ್ಪೀಕರಿಗೆ ಕಿವಿ ಒತ್ತಿಕೊಂಡು ಕೂತಿದ್ದರು.

"ಇಲ್ಲ. ಮುಳ್ಳಿಂದೇ ದೋಷ."

ಬಟ್ಟೆ ಮಡಿಸುತ್ತಿದ್ದ ಅಕ್ಕ ತಲೆ ಎತ್ತದೆ ಹೇಳಿದಳು. "ಗಂಟೆ ಬರ್ತಾನೇ ಇದೆ ಕಣ್ರೀ. ನೀವು ಚೆಂಡು ಕೊಯ್ಯೋಕೂ ಮುಂಚಿಂದ."

ಭಾವ ನನ್ನ ಕಡೆ ತಿರುಗಿದರು. "ನಿಂಗೂ ಕೇಳ್ಸುತ್ತೇನೋ?"

"ಕೇಳ್ಸುತ್ತೆ ಭಾವ."

"ಹಾಗಾದ್ರೆ ಆ ಗುಡ್ಡೆ?"

"ನೀರು ತುಂಬಿ ನೋಡ್ದೆ. ಸೋರಲ್ಲ."

ಹಾಡು ಮುಗಿಯುವವರೆಗೂ ಅವರು ಕದಲಲಿಲ್ಲ. ಮುಗಿದ ಮೇಲೆ ಮುಳ್ಳು ಎತ್ತಿ, ಕೈ ತೊಳೆದು, ಊಟಕ್ಕೆ ಕೂತರು. ಎಂದಿನಷ್ಟೇ ಉಂಡರು.

ಸೋಮವಾರ ತಾವಾಗಿಯೇ ಮೇಸ್ತ್ರಿಯ ಬಳಿ ಹೋಗಿ, ತಮ್ಮ ಕಿವಿ ಹೋಗಿದೆ, ಬೆಂಕಿಯದೇನೂ ತಪ್ಪಿಲ್ಲ ಎಂದರು. ಮೇಸ್ತ್ರಿ ಅವರನ್ನು ಪ್ಯಾಕಿಂಗಿಗೆ ಹಾಕಿದ. ಗುಡ್ಡೆಯ ಜಾಡಿಗಳನ್ನೆಲ್ಲ ಬೇರೆಯವನೊಬ್ಬ ಮತ್ತೆ ತಟ್ಟಿದ. ಮುಕ್ಕಾಲು ಪಾಲು ಒಳ್ಳೆಯವೇ. ಅವು ಒಂದೊಂದಾಗಿ ಭಾವನ ಮೇಜಿಗೇ ಬಂದವು.

ಮಧ್ಯಾಹ್ನ ಅವರ ಪಕ್ಕಕ್ಕೆ ಹೋಗಿ ನಿಂತು, ಬೇಜಾರಾಯಿತೇ ಎಂದು ಗಟ್ಟಿಯಾಗಿ ಕೇಳಿದೆ.

ಜಾಡಿಯೊಳಗೆ ಹುಲ್ಲು ತುರುಕುತ್ತಲೇ ಹೇಳಿದರು. "ಬೇಜಾರು ಅಂತಾನೂ ಇಲ್ಲ ಕಣೋ. ಏನೂ ಅನ್ನಿಸ್ತಾನೇ ಇಲ್ಲ. ಆ ಹಗ್ಗ ಈಚೆ ಕೊಡು."

ಕೊಟ್ಟೆ.