ಇಲಿ ಕಾಲು ನೆಕ್ಕಲಿಲ್ಲ

ತೊಂಬತ್ತರ ದಶಕದಲ್ಲಿ ದಾಬಸ್‌ಪೇಟೆ ಬಳಿಯ ಒಂದು ಔಷಧ ಕಂಪನಿಯಲ್ಲಿ ನೋವನ್ನು ಅಳೆಯುವುದು ನನ್ನ ಕೆಲಸವಾಗಿತ್ತು. ನೋವು ಕಳೆಯುವ ಮಾರ್ಫಿನ್ ಜಾತಿಯ ಹೊಸ ಔಷಧಿ ಚುಚ್ಚಿದ ಬಿಳಿ ಇಲಿಯನ್ನು ಬಿಸಿ ತಟ್ಟೆಯ ಮೇಲೆ ಬಿಡಬೇಕು. ಬಿಸಿ ತಾಗಿದರೆ ಇಲಿ ಕಾಲು ನೆಕ್ಕುತ್ತದೆ. ಆ ಕ್ಷಣವೇ ಎತ್ತಿಕೊಳ್ಳಬೇಕು. ನೆಕ್ಕುವುದು ತಡವಾದಷ್ಟೂ ಔಷಧಿಗೆ ಶಕ್ತಿ ಹೆಚ್ಚು ಎಂದು ಲೆಕ್ಕ. ಪಾಪದ ಕೆಲಸವೇ, ಸುಳ್ಳು ಹೇಳುವುದಿಲ್ಲ.

ಅತ್ತ ದೊಡ್ಡಬಳ್ಳಾಪುರದ ಮನೆಯಲ್ಲಿ ಅಪ್ಪ ಕ್ಯಾನ್ಸರ್ ಬಂದು ಹಾಸಿಗೆ ಹಿಡಿದಿದ್ದರು. ಪವರ್‌ಲೂಮಿನ ಸದ್ದನ್ನೂ ಮೀರಿ ಬೈಯುತ್ತಿದ್ದ ಮನುಷ್ಯ, ನೋವಿಗೆ ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಡಾಕ್ಟರು ನಿದ್ದೆ ಮಾತ್ರೆ ಬರೆದುಕೊಟ್ಟ ಮೇಲೆ ಕೂಗು ನಿಂತಿತು.

"ನೋವು ಇಳೀತು ಕಣೋ, ಈಗ ನೆಮ್ಮದಿಯಾಗವ್ರೆ," ಎಂದಿದ್ದ ಅಣ್ಣ. ನಾನೂ ನಂಬಿದ್ದೆ. ನಂಬಿದರೆ ನನಗೂ ನಿದ್ದೆ ಬರುತ್ತಿತ್ತಲ್ಲ.

ಒಂದು ದಿನ ಹೊಸ ಔಷಧಿ ಚುಚ್ಚಿದ ಇಲಿ ತಟ್ಟೆಯ ಮೇಲೆ ಸುಮ್ಮನೆ ಕೂತುಬಿಟ್ಟಿತು. ನೆಕ್ಕಲೇ ಇಲ್ಲ. ಸುಟ್ಟೀತೆಂದು ನಾನೇ ಎತ್ತಿಕೊಂಡು, ಖುಷಿಯಿಂದ ನಮ್ಮ ಲ್ಯಾಬಿನ ಸಾಹೇಬರನ್ನು ಕೂಗಿದೆ. ಅವರು ನಗಲಿಲ್ಲ. ನಿಧಾನವಾಗಿ ತಿರುಗುವ ಸರಳಿನ ಮೇಲೆ ಅದನ್ನು ಬಿಡಲು ಹೇಳಿದರು. ನೆಟ್ಟಗಿರುವ ಇಲಿಯಾದರೆ ಸರಳು ತಿರುಗಿದಂತೆ ನಡೆಯುತ್ತದೆ. ಇದು ದೊಪ್ಪನೆ ಬಿತ್ತು. ಅದೇ ಔಷಧಿ ಚುಚ್ಚಿದ ಇನ್ನೊಂದನ್ನು ಬಿಟ್ಟೆವು, ಅದೂ ಬಿತ್ತು.

"ನೋವು ಹೋಗಿಲ್ಲ ಕಣ್ರೀ. ಮಂಪರಿಗೆ ಕಾಲೆತ್ತೋಕೆ ಆಗ್ತಿಲ್ಲ, ಅಷ್ಟೆ," ಅಂದರು.

ಮಲಗಿದ ಅಪ್ಪನ ಮುಖ ಕಣ್ಣ ಮುಂದೆ ಬಂತು. ರಜೆ ಹೇಳಿ ಬಸ್ ಹತ್ತಿದೆ. ನೆಲಮಂಗಲದಲ್ಲಿ ಬಸ್ ಬದಲಿಸಿ ದೊಡ್ಡಬಳ್ಳಾಪುರದ ದಾರಿಯ ಮಧುರೆ ದಾಟುವವರೆಗೂ, ನಿಲ್ಲಿಸಿದಲ್ಲೆಲ್ಲ ಡ್ರೈವರನ್ನು ಮನಸ್ಸಿನಲ್ಲೇ ಬೈದೆ. ಅವನು ಹತ್ತುವವರಿಗೆ ಕಾಯುತ್ತಿದ್ದ, ಪಾಪ. ನನಗೆ ಹೆದರಿಕೆಯಾಗಿತ್ತು.

ಅಣ್ಣ ಬಾಗಿಲಲ್ಲೇ ತಡೆದ. "ಎಬ್ಬಿಸ್ಬೇಡ ಕಣೋ, ಈಗ್ತಾನೆ ಮಲಗವ್ರೆ."

ನಾನು ಕೇಳಲಿಲ್ಲ. ಅಪ್ಪನ ಕಣ್ಣುಗಳು ಅರ್ಧ ತೆರೆದಿದ್ದವು. ಅವರ ಅಂಗೈಯಲ್ಲಿ ನನ್ನ ಬೆರಳಿಟ್ಟು ಕಿವಿಯ ಹತ್ತಿರ ಬಗ್ಗಿದೆ.

"ನೋವಿದ್ರೆ ನನ್ನ ಬೆರಳು ಅದುಮಪ್ಪಾ."

ತುಟಿ ಅಲುಗಲಿಲ್ಲ. ಮುಖ ಶಾಂತವಾಗಿಯೇ ಇತ್ತು. ಅಣ್ಣ "ನೋಡ್ದಾ?" ಅನ್ನುವಷ್ಟರಲ್ಲಿ ಅಪ್ಪನ ಕೈ ನಿಧಾನವಾಗಿ ಮುಚ್ಚಿಕೊಂಡು ನನ್ನ ಬೆರಳನ್ನು ಹಿಡಿಯಿತು. ಅಣ್ಣ ಕಾರು ತರಲು ಓಡಿದ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮಾರ್ಫಿನ್ ಸೂಜಿ ಚುಚ್ಚುವವರೆಗೂ ಅಪ್ಪ ಆ ಬೆರಳನ್ನು ಬಿಡಲಿಲ್ಲ.