ಫಕ್ಕೀರವ್ವ ಉಣ್ಣುವ ಮೊದಲ ರೊಟ್ಟಿ

ಬೆಳಗಿನ ಐದು ಗಂಟೆ. ಶಿಗ್ಗಾಂವದ ಬಸ್ ನಿಲ್ದಾಣದ ಹಿಂದಿನ ಓಣಿಯ ಖಾನಾವಳಿಯಲ್ಲಿ ಹಂಚು ಕಾದಿದೆ, ಎಸರು ಕುದಿಯುತ್ತಿದೆ. ರೊಟ್ಟಿ ಬಡಿಯಬೇಕಾದ ಫಕ್ಕೀರವ್ವ ಮಾತ್ರ ಎರಡೂ ಕೈಗಳನ್ನು ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಇಳಿಬಿಟ್ಟು ಗೋಡೆ ನೋಡುತ್ತ ಕುಳಿತಿದ್ದಾರೆ. ಮರಗಟ್ಟಿದ ಬೆರಳು ಮಡಚಲು ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಅವರು ಯಾರೊಂದಿಗೂ ಮಾತಾಡುವುದಿಲ್ಲ. ಅವರ ಬಗ್ಗೆ ಬರೆಯಲು ಬಂದ ನಾನು ಒಲೆಯ ಪಕ್ಕ ಕುಳಿತು ಕಾಯುತ್ತೇನೆ.

ಕೈ ಸಡಿಲವಾದ ಮೇಲೆ ಮೊದಲ ರೊಟ್ಟಿ ಹಂಚಿಗೆ ಬೀಳುತ್ತದೆ. ಅದು ಗಿರಾಕಿಗಳ ಬುಟ್ಟಿಗೆ ಹೋಗುವುದಿಲ್ಲ. ಫಕ್ಕೀರವ್ವ ಅದನ್ನು ಶೇಂಗಾ ಚಟ್ನಿ ಹಚ್ಚಿಕೊಂಡು ತಾವೇ ತಿನ್ನುತ್ತಾರೆ, ಮೇಲೊಂದು ನೋವಿನ ಗುಳಿಗೆ ನುಂಗುತ್ತಾರೆ. ಬಡಿಯುವವರು ಎಲ್ಲರ ಊಟ ಮುಗಿದ ಮೇಲೆ ಉಣ್ಣಬೇಕು ಎಂಬುದು ಇಲ್ಲಿನ ಖಾನಾವಳಿಗಳಲ್ಲಿ ಯಾರೂ ಹೇಳದೆ ನಡೆದುಬಂದ ರೂಢಿ. ಹನ್ನೊಂದು ವರ್ಷ ಅದನ್ನೇ ಪಾಲಿಸಿ, ಕೈ ನೋವು ಶುರುವಾದ ಮೇಲೆ ಬರಿಹೊಟ್ಟೆಯಲ್ಲೇ ಗುಳಿಗೆ ನುಂಗಿ, ಅವರು ಹೊಟ್ಟೆಯಲ್ಲಿ ಹುಣ್ಣು ಮಾಡಿಕೊಂಡಿದ್ದರು. "ಮೊದಲ ನಾ ತಿನ್ನಾಕ ನಾಚಿಕಿ ಬರ್ತಿತ್ರಿ. ಈಗ ರೂಢಿ ಆಗೈತಿ," ಎನ್ನುತ್ತಾರೆ.

ಐವತ್ತನಾಲ್ಕರ ಫಕ್ಕೀರವ್ವ ತಡಸದವರು. ಗಂಡ ಲಕ್ಕಪ್ಪ ಇಲ್ಲಿನ ದಲಾಲಿ ಅಂಗಡಿಯೊಂದರಲ್ಲಿ ಹಮಾಲ. ದಿನಕ್ಕೆ ಮುನ್ನೂರೈವತ್ತು ರೊಟ್ಟಿ ಬಡಿಯುತ್ತಿದ್ದ ಕೈ ಆರು ವರ್ಷದ ಹಿಂದೆ ಬಾತುಕೊಳ್ಳತೊಡಗಿತು. ಹಗಲು ಹೇಗೋ ಕಳೆಯುತ್ತಿತ್ತು, ರಾತ್ರಿ ಸಂದು ಸಂದು ಹಿಂಡುತ್ತಿತ್ತು. ಪಕ್ಕದಲ್ಲಿ ಲಕ್ಕಪ್ಪನ ಗೊರಕೆ ಕೇಳುತ್ತಿದ್ದರೆ ಸಿಟ್ಟು ಬರುತ್ತಿತ್ತಂತೆ. ಒಂದು ಔಷಧದ ಅಂಗಡಿಯವರು ನಿದ್ದೆಗೆಂದು ಗುಳಿಗೆ ಕೊಟ್ಟರು. ನಿದ್ದೆ ಬಂತು. ಒಂದು ಗುಳಿಗೆ ಎರಡಾಯಿತು, ಎರಡು ಮೂರಾಯಿತು. ಕೊನೆಗೆ ಅಂಗಡಿಯವರು ಡಾಕ್ಟರ ಚೀಟಿ ಕೇಳಿದಾಗ ಫಕ್ಕೀರವ್ವ ಚೀಟಿ ಕೇಳದ ಅಂಗಡಿ ಹುಡುಕಿ ಸವಣೂರಿನ ಬಸ್ಸು ಹತ್ತಿದರು, ಆಮೇಲೆ ಹಾನಗಲ್ಲಿನದು. ಹಿರೇಕೆರೂರಿನಲ್ಲಿ ಬೀಗರ ಮನೆಯ ಮದುವೆ ಎಂದು ಸುಳ್ಳು ಹೇಳಿ ಅಲ್ಲಿಗೂ ಹೋಗಿಬಂದರು. ತಂದದ್ದನ್ನು ಪೊಟ್ಟಣ ಕಟ್ಟಿ ಖಾನಾವಳಿಯ ತಮ್ಮ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಡುತ್ತಿದ್ದರು. ಒಬ್ಬರು ಬಡಿಯುವ ಹಿಟ್ಟಿಗೆ ಇನ್ನೊಬ್ಬರು ಕೈ ಹಾಕುವುದಿಲ್ಲ, ಹೀಗಾಗಿ ಅದಕ್ಕಿಂತ ಭದ್ರವಾದ ಜಾಗ ಅವರಿಗೆ ತೋಚಲಿಲ್ಲ.

ಹೋದ ಶ್ರಾವಣದ ಒಂದು ಮುಂಜಾನೆ, ಹಿಂದಿನ ರಾತ್ರಿಯ ಗುಳಿಗೆಯ ಮಂಪರಿನಲ್ಲೇ ಅವರು ಡಬ್ಬಿಯನ್ನು ಪರಾತಕ್ಕೆ ಬೋರಲು ಹಾಕಿದರು, ಎಸರು ಹೊಯ್ದು ನಾದಿದರು. ನಲವತ್ತು ರೊಟ್ಟಿ ಆದ ಮೇಲೆ ಕಣಕದೊಳಗಿಂದ ಹರಿದ ಕಾಗದವೊಂದು ಕೈಗೆ ಸಿಕ್ಕಿತು. ಪೊಟ್ಟಣ ಖಾಲಿಯಾಗಿತ್ತು. ಎಂಟು ಗುಳಿಗೆ ಇದ್ದವೋ ಹತ್ತೋ, ನೆನಪಾಗಲಿಲ್ಲ. ಹೊರಗೆ ಲಾರಿ ಚಾಲಕರು ತಾಟಿನ ಮುಂದೆ ಕುಳಿತಾಗಿತ್ತು, ರೊಟ್ಟಿ ಬಡಿಸಿಯೂ ಆಗಿತ್ತು.

"ಸುಮ್ನ ಇದ್ದಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲರಿ," ಎನ್ನುತ್ತಾರೆ ಫಕ್ಕೀರವ್ವ. "ಆದ್ರ ಅವರು ಗಾಡಿ ಹೊಡಿಯೋ ಮಂದಿ. ಹೋಗಿ ಕೈಯಾಗಿನ ತುತ್ತು ಕಸ್ಕೊಂಡೆ. ಇದರಾಗ ನನ್ನ ನಿದ್ದಿ ಗುಳಿಗಿ ಬಿದ್ದಾವ, ತಿನಬ್ಯಾಡ್ರಿ ಅಂದೆ."

ಗುಟ್ಟು ರಟ್ಟಾದದ್ದು ಹೀಗೆ, ಅವರದೇ ಬಾಯಿಂದ. ಖಾನಾವಳಿಯ ಒಡತಿ ರಾಜಶ್ರೀ ಆ ಹಿಟ್ಟನ್ನೆಲ್ಲ ದನ ತಿಂದೀತೆಂದು ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿಸಿದರು. ಫಕ್ಕೀರವ್ವನನ್ನು ಕೆಲಸದಿಂದ ಬಿಡಿಸೆಂದು ಹೇಳಿದವರು ಕಡಿಮೆಯಿಲ್ಲ. ಆಕೆ ಬಾಯಿ ಮುಚ್ಚಿಕೊಂಡಿರಬಹುದಾಗಿತ್ತು, ಹಾಗೆ ಇರಲಿಲ್ಲವಲ್ಲ ಎಂದು ರಾಜಶ್ರೀ ಅವರಿಗೆಲ್ಲ ಒಂದೇ ಉತ್ತರ ಕೊಟ್ಟರು.

ಮರ್ಯಾದೆ ಹೋಯಿತೆಂಬ ಸಂಕಟಕ್ಕೆ ಫಕ್ಕೀರವ್ವ ಅಂದೇ ಗುಳಿಗೆ ಪೂರ್ತಿ ಬಿಟ್ಟರು. ಅದು ಎರಡನೆಯ ತಪ್ಪು. ಮೂರನೆಯ ದಿನಕ್ಕೆ ಮೈಯೆಲ್ಲ ನಡುಕ, ಎದೆ ಡವಡವ, ಕಣ್ಣಿಗೆ ನಿದ್ದೆಯಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, ಇದನ್ನು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ, ತಾವು ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸಬೇಕು ಎಂದು ಗದರಿಸಿದರು. ತಮ್ಮ ಕೈ ನೋವು ಸಂದುವಾತವೆಂದೂ ಅದಕ್ಕೆ ಬೇರೆಯೇ ಔಷಧವಿದೆಯೆಂದೂ ಫಕ್ಕೀರವ್ವನಿಗೆ ಗೊತ್ತಾದದ್ದೂ ಅಂದೇ. ಈಗ ಸಂದುವಾತಕ್ಕೆ ಸೋಮವಾರಕ್ಕೊಮ್ಮೆ ವಾರದ ಗುಳಿಗೆ, ಅದರ ಅಡ್ಡಪರಿಣಾಮ ತಡೆಯಲು ಉಳಿದ ದಿನ ಹಳದಿ ಗುಳಿಗೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ನೋವಿನ ಗುಳಿಗೆ ಹೇಳಿದಷ್ಟೇ, ಅದೂ ತಿಂದ ಮೇಲೆಯೇ. ನಿದ್ದೆಯ ಗುಳಿಗೆ ಹತ್ತು ತಿಂಗಳಲ್ಲಿ ಮೂರರಿಂದ ಅರ್ಧಕ್ಕೆ ಇಳಿದಿದೆ.

ತಮ್ಮ ಕೈಗೆ ಸಿಗಬಾರದೆಂದು ಆ ಗುಳಿಗೆಗಳನ್ನು ಫಕ್ಕೀರವ್ವ ಇಟ್ಟಿರುವುದು ದಿಲ್ಶಾದಳ ಬಳಿ. ಸವಣೂರಿನಿಂದ ಮದುವೆಯಾಗಿ ಬಂದ ಆಕೆ ಪಕ್ಕದ ಹಂಚಿನಲ್ಲಿ ರೊಟ್ಟಿ ಬಡಿಯುತ್ತಾಳೆ, ಫಕ್ಕೀರವ್ವನ ಹಿಟ್ಟನ್ನೂ ಈಗ ಆಕೆಯೇ ನಾದಿಕೊಡುತ್ತಾಳೆ. ಸಂಜೆ ಮನೆಗೆ ಹೊರಡುವಾಗ ಗುಳಿಗೆಯನ್ನು ಅಡಕತ್ತರಿಯಲ್ಲಿ ಕತ್ತರಿಸಿ ಕೈಗಿಡುತ್ತಾಳೆ. ಮೂರು ವಾರದ ಹಿಂದೆ ನೋವು ಕೆರಳಿ ಫಕ್ಕೀರವ್ವ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಇವತ್ತೊಂದು ದಿನ ಇಡೀ ಗುಳಿಗೆ ಕೊಡು ಎಂದು ಬೇಡಿಕೊಂಡರು.

"ಅಕ್ಕ ಕೈ ಮುಗದ್ಲರಿ. ನನಕಿಂತ ದೊಡ್ಡಾಕಿ," ಎನ್ನುತ್ತಾಳೆ ದಿಲ್ಶಾದ. "ಕೊಡಲಿಲ್ಲ. ಮನಿಗೆ ಹೋಗಿ ನಾನೂ ಅತ್ತೆ."

ನಾಲ್ಕು ದಿನ ಇಬ್ಬರೂ ಮಾತು ಬಿಟ್ಟಿದ್ದರು. ಮೊಳದಷ್ಟು ದೂರದಲ್ಲಿ ಕುಳಿತು ಬಡಿಯುತ್ತಿದ್ದರು, ರೊಟ್ಟಿಯ ಸಪ್ಪಳ ಬಿಟ್ಟರೆ ಏನೂ ಇಲ್ಲ. ಐದನೆಯ ಮುಂಜಾನೆ ಫಕ್ಕೀರವ್ವ ತಮ್ಮ ಮೊದಲ ರೊಟ್ಟಿಯನ್ನು ಮುರಿದು ಅರ್ಧವನ್ನು ದಿಲ್ಶಾದಳ ಮುಂದಿಟ್ಟರು. ಇದನ್ನು ಹೇಳುವಾಗ ಇಬ್ಬರೂ ನನ್ನ ಮುಖ ನೋಡಲಿಲ್ಲ. ನಾನು ತಲೆ ಎತ್ತದೆ ಬರೆದುಕೊಂಡೆ.

ಇಂದು ಬೆಳಗಿನ ಪಾಳಿಯ ನೂರ ಎಂಬತ್ತು ರೊಟ್ಟಿ ಮುಗಿಯುವಷ್ಟರಲ್ಲಿ ಹನ್ನೊಂದು ಗಂಟೆ. ಫಕ್ಕೀರವ್ವ ಗೋಡೆಗೆ ಒರಗಿ ಕಾಲು ಚಾಚುತ್ತಾರೆ. ಮುಖದಲ್ಲಿ ದಣಿವು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮುಂದಿನ ತಿಂಗಳಿನಿಂದ ಕಾಲು ಗುಳಿಗೆ, ಆಮೇಲೆ ಅದೂ ಇಲ್ಲ. ಹೆದರಿಕೆ ಇದೆಯೇ ಎಂದರೆ ಇದೆ ಎನ್ನುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕೈ ನೋವು ಹೋಗಲಿ ಎಂದಾರು ಎಂದುಕೊಂಡಿದ್ದೆ.

"ನೋವು ಇರೂದಾರಿ, ಅದರ ಕೂಡ ಬಾಳೇವು ಮಾಡ್ತೇನಿ," ಎನ್ನುತ್ತಾರೆ. "ಒಂದಿನ ಗುಳಿಗಿ ಇಲ್ಲದ ತಾನ ನಿದ್ದಿ ಬರಬೇಕು. ಹೊತ್ತು ಏರಿದ್ರೂ ನನಗ ಎಚ್ಚರ ಆಗಬಾರದು. ಎಷ್ಟು ಮಲಗ್ತಿ, ಏಳು ಅಂತ ನಮ್ಮ ಮನಿಯವರು ಬೈದು ಎಬ್ಬಸಬೇಕ್ರಿ."